ಗುಜರಿ ಅಂಗಡಿಯ ಎರಡು ಪೇಂಟ್ ಬಕೆಟ್

ಮನೆ ಕಸ ಕಡಿಮೆ ಮಾಡಬೇಕು ಅಂತ ಹಟ ಹಿಡಿದ ಮೊದಲ ತಿಂಗಳು ನಾನು ಮಾಡಿದ ಕೆಲಸ ಶಾಪಿಂಗ್. ಬಿದಿರಿನ ಟೂತ್‌ಬ್ರಷ್ ನಾಲ್ಕು, ಸ್ಟೀಲ್ ಸ್ಟ್ರಾ ಒಂದು ಸೆಟ್, ಸೆಣಬಿನ ಚೀಲ ಎರಡು. ಹತ್ತಿರ ಹತ್ತಿರ 1,400 ರೂಪಾಯಿ. ನಮ್ಮನೆಯಲ್ಲಿ ಸ್ಟ್ರಾ ಹಾಕಿಕೊಂಡು ಏನನ್ನಾದರೂ ಕುಡಿಯುವವರು ಯಾರೂ ಇಲ್ಲ, ಎಳನೀರು ಕೂಡ ಎತ್ತಿಕೊಂಡೇ ಕುಡಿಯುತ್ತೇವೆ. ಎಲ್ಲವೂ ದೊಡ್ಡ ರಟ್ಟಿನ ಡಬ್ಬಿಯಲ್ಲಿ, ಬಬಲ್ ಕವರ್ ಸುತ್ತಿಕೊಂಡು ಬಂದವು. ಆ ವಾರ ಒಣ ಕಸ ಜಾಸ್ತಿಯೇ ಆಯಿತು.

ಆಮೇಲೆ ಬುದ್ಧಿ ಬಂತು. ಏನು ಕೊಳ್ಳಬೇಕು ಅನ್ನುವುದು ಬಿಟ್ಟು, ಏನು ಎಸೆಯುತ್ತಿದ್ದೇವೆ ಅಂತ ನೋಡಿದೆ. ಗ್ಯಾಸ್ ಸಿಲಿಂಡರಿನ ಹಿಂದೆ ತುಕ್ಕು ಹಿಡಿಯುತ್ತಿದ್ದ ಸ್ಪ್ರಿಂಗ್ ತಕ್ಕಡಿಗೆ ಒಂದು ವಾರ ದಿನಾ ಕಸ ತೂಗಿ ಹಾಕಿದೆ. ನಾಲ್ಕು ಜನರ ಮನೆ. ಹಸಿ ಕಸ ಆರು ಕೆಜಿ ದಾಟಿತು. ಒಣ ಕಸ ಒಂದೂವರೆ ಕೆಜಿ. ಅಂದರೆ ನಾನು ಸ್ಟ್ರಾ, ಬ್ರಷ್ ಅಂತ ತಲೆ ಕೆಡಿಸಿಕೊಂಡಿದ್ದೆ, ನಿಜವಾದ ಕಸ ತರಕಾರಿ ಸಿಪ್ಪೆ, ಕಾಫಿ ಚರಟ, ಉಳಿದ ಅನ್ನ.

ಬೆಂಗಳೂರಿನಲ್ಲಿ ಹಸಿ ಕಸ ಗಾಡಿಗೆ ಹಾಕಿದರೆ ಮುಗಿಯಿತು ಅಲ್ವಾ ಅಂತ ಕೇಳಬಹುದು. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಆದೇಶ ಬಂದ ಮೇಲೆ ನಾವೂ ಹಸಿ ಕಸಕ್ಕೆ ಹಸಿರು ಬಕೆಟ್, ಪ್ಯಾಡ್, ಡೈಪರ್‌ನಂಥದ್ದಕ್ಕೆ ಕೆಂಪು ಬಕೆಟ್, ಒಣ ಕಸಕ್ಕೆ ಒಂದು ಚೀಲ ಅಂತ ಬೇರೆ ಬೇರೆ ಮಾಡಿಯೇ ಕೊಡುತ್ತಿದ್ದೆವು. ಆದರೆ ಎಷ್ಟೋ ಸಲ ನನ್ನ ಕಣ್ಣೆದುರೇ ಎರಡೂ ಬಕೆಟ್ ಒಂದೇ ರಾಶಿಗೆ ಬಿದ್ದದ್ದುಂಟು. ಅದು ಕೊನೆಗೆ ಯಾರದೋ ಊರ ಪಕ್ಕ ಹೋಗಿ ಬೀಳುತ್ತದೆ. ಬೆಂಗಳೂರಿನ ಹೊರವಲಯದ ಮಂಡೂರಿನ ಜನ ವರ್ಷಗಟ್ಟಲೆ ನಮ್ಮೂರ ಕಸದ ನಾತ ಕುಡಿದು, ರಸ್ತೆಗಿಳಿದು, ಅಲ್ಲಿಗೆ ಲಾರಿ ಹೋಗುವುದು ನಿಂತದ್ದು 2014ರಲ್ಲಿ. ಹಸಿ ಕಸ ಗಾಳಿಯಿಲ್ಲದೆ ರಾಶಿಯ ಅಡಿಯಲ್ಲಿ ಕೊಳೆತರೆ ಮೀಥೇನ್ ಹುಟ್ಟುತ್ತದೆ. ಅದೇ ಸಿಪ್ಪೆ ಗಾಳಿಯಾಡುವ ಕಡೆ ಒಣ ಎಲೆ ಜೊತೆ ಕೊಳೆತರೆ ಗೊಬ್ಬರ. ವ್ಯತ್ಯಾಸ ಇಷ್ಟೇ.

ನಮ್ಮದು ಮೊದಲ ಮಹಡಿಯ ಬಾಡಿಗೆ ಮನೆ. ಬಟ್ಟೆ ತಂತಿ, ವಾಷಿಂಗ್ ಮೆಷಿನ್ ಬಿಟ್ಟರೆ ಬಾಲ್ಕನಿಯಲ್ಲಿ ಮೂರಡಿ ಜಾಗ. ಗೊಬ್ಬರ ಮಾಡುವ ಚೆಂದದ ಮಣ್ಣಿನ ಮಡಕೆ ಸೆಟ್ ನೋಡಿ ಆಸೆಯಾಯಿತು, ರೇಟು ಕೇಳಿ ಸುಮ್ಮನಾದೆ. ಗುಜರಿ ಅಂಗಡಿಯಲ್ಲಿ 20 ಲೀಟರಿನ ಹಳೇ ಪೇಂಟ್ ಬಕೆಟ್ ಎರಡು ಸಿಕ್ಕವು, ಮುಚ್ಚಳ ಸಮೇತ ಒಂದಕ್ಕೆ 60 ರೂಪಾಯಿ. ಸ್ಕ್ರೂ ಡ್ರೈವರನ್ನು ಗ್ಯಾಸಿನ ಮೇಲೆ ಕಾಯಿಸಿ ಸುತ್ತಲೂ, ಅಡಿಯಲ್ಲೂ ತೂತು ಹಾಕಿದೆ. ಕೆಳಗೊಂದು ಹಳೇ ತಟ್ಟೆ. ತಳಕ್ಕೆ ಒಣಗಿದ ಎಲೆ, ಅದರ ಮೇಲೆ ಆ ದಿನದ ಸಿಪ್ಪೆ, ಮತ್ತೆ ಎಲೆ. ಶುರುವಿಗೆ ಎರಡು ಸೌಟು ಹುಳಿ ಮಜ್ಜಿಗೆ ಚಿಮುಕಿಸಿದೆ. ಕೊಳೆಸುವ ಸೂಕ್ಷ್ಮಜೀವಿಗಳು ಬೇಗ ಹಿಡಿದುಕೊಳ್ಳಲಿ ಅಂತ.

ಮೂರು ವಾರ ಚೆನ್ನಾಗಿತ್ತು. ಆಮೇಲೆ ಮಳೆಗಾಲ ಬಂತು. ಒಣ ಎಲೆ ಖಾಲಿಯಾಗಿತ್ತು. ಪರವಾಗಿಲ್ಲ ಅಂತ ಬರೀ ಸಿಪ್ಪೆ ಹಾಕಿದೆ. ಒಂದು ದಿನ ಮಿಕ್ಕ ಮೊಸರನ್ನವನ್ನೂ ಸುರಿದೆ. ನಾಲ್ಕನೇ ದಿನ ಬೆಳಗ್ಗೆ ಕೆಳಗಿನಿಂದ ಓನರ್ ಆಂಟಿ ಕೂಗಿದರು: "ಏನಮ್ಮಾ, ಮೇಲೆ ಹುಳ ಸಾಕ್ತಿದೀಯಾ?" ಇಳಿದು ನೋಡಿದರೆ ಅವರ ಸ್ಕೂಟರ್ ಸೀಟಿನ ಮೇಲೆ ಬೂದು ಬಣ್ಣದ ದಪ್ಪ ಹುಳುಗಳು ನಿಧಾನಕ್ಕೆ ವಾಕಿಂಗ್ ಹೋಗುತ್ತಿವೆ. ಬಕೆಟ್ಟಿನಿಂದ ಹತ್ತಿ, ಬಾಲ್ಕನಿ ಅಂಚು ದಾಟಿ ಉದುರಿದ್ದವು. ಸೀಟನ್ನು ಎರಡು ಸಲ ಒರೆಸಿ ಕೊಟ್ಟೆ. "ಇನ್ನೊಂದ್ಸಲ ಹಿಂಗಾದ್ರೆ ಬಕೆಟ್ ಇರಲ್ಲ ನೋಡು" ಅಂದರು.

ಅವು ಸೋಲ್ಜರ್ ಫ್ಲೈ ಅನ್ನುವ ನೊಣದ ಮರಿಗಳು. ಕಚ್ಚುವುದಿಲ್ಲ, ರೋಗ ತರುವುದಿಲ್ಲ, ಕಸವನ್ನು ನಮಗಿಂತ ಚೆನ್ನಾಗಿ ತಿಂದು ಮುಗಿಸುತ್ತವೆ. ಇದನ್ನೆಲ್ಲ ಓನರ್ ಆಂಟಿಗೆ ವಿವರಿಸುವ ಧೈರ್ಯ ಮಾತ್ರ ಬರಲಿಲ್ಲ. ತಪ್ಪು ನನ್ನದೇ, ಬಕೆಟ್ಟಿನೊಳಗೆ ನೀರಿನಂಶ ಜಾಸ್ತಿಯಾಗಿತ್ತು. ತೆಂಗಿನ ನಾರಿನ ಪುಡಿ ತಂದು ಕಲಸಿದೆ. ನಾಲ್ಕೈದು ದಿನಕ್ಕೆ ವಾಸನೆಯೂ ಹೋಯಿತು. ಅವತ್ತಿನಿಂದ ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಒಂದು ಬಟ್ಟಲು ಸಿಪ್ಪೆಗೆ ಒಂದು ಬಟ್ಟಲು ಪುಡಿ ಮಾಡಿದ ಒಣ ಎಲೆ, ಮಳೆ ಇದ್ದರೆ ಒಂದೂವರೆ. ಅನುಮಾನ ಬಂದರೆ ಒಂದು ಹಿಡಿ ತೆಗೆದು ಹಿಂಡುವುದು. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಎಲೆ ಸಾಲದು. ಉಂಡೆಯಾಗದೆ ಉದುರಿದರೆ ಸ್ವಲ್ಪ ನೀರು ಚಿಮುಕಿಸಬೇಕು. ಎರಡು ದಿನಕ್ಕೊಮ್ಮೆ ಕೋಲಿನಿಂದ ತಿರುವಬೇಕು. ಒಂದು ಬಕೆಟ್ ತುಂಬಿದರೆ ಮುಚ್ಚಿಟ್ಟು ಇನ್ನೊಂದು ಶುರು. ಎರಡು ತಿಂಗಳಲ್ಲಿ ಮೊದಲನೆಯದು ಕಪ್ಪಗೆ, ಮಳೆ ಬಿದ್ದ ಮಣ್ಣಿನ ವಾಸನೆಗೆ ಬರುತ್ತದೆ. ಮೊಟ್ಟೆ ಚಿಪ್ಪು, ಮಾವಿನ ಓಟೆ ಮಾತ್ರ ಹಾಗೇ ಇರುತ್ತವೆ.

ಅಷ್ಟರಲ್ಲಿ ಧಾರವಾಡದಿಂದ ಅತ್ತೆ ಬಂದರು. ಬಕೆಟ್ಟಿಗೆ ಹೀರೆಕಾಯಿ ಸಿಪ್ಪೆ ಹಾಕುತ್ತಿದ್ದವಳ ಕೈ ಹಿಡಿದರು. "ಅಲ್ಲವ್ವಾ, ಇದನ್ಯಾಕ ಒಗೀತಿ? ತಿನ್ನೂದಲ್ಲೇನ ಇದು?" ಆ ಸಿಪ್ಪೆಯನ್ನೇ ಹಸಿಮೆಣಸಿನಕಾಯಿ ಜೊತೆ ಎಣ್ಣೆಯಲ್ಲಿ ಗರಿಯಾಗುವಷ್ಟು ಹುರಿದು, ಹುರಿದ ಶೇಂಗಾ, ಹುಣಸೆಹಣ್ಣು, ಚೂರು ಬೆಲ್ಲ ಹಾಕಿ ರುಬ್ಬಿದರು. ರೊಟ್ಟಿಗೆ ಅಂಥ ಚಟ್ನಿ ಇನ್ನೊಂದಿಲ್ಲ. ಕಲ್ಲಂಗಡಿಯ ಬಿಳಿ ಭಾಗ ದೋಸೆ ಹಿಟ್ಟಿಗೆ ಹೋಯಿತು, ಕೊತ್ತಂಬರಿ ದಂಟು ಸಾರಿಗೆ. ಅವರಿದ್ದ ತಿಂಗಳು ನನ್ನ ಬಕೆಟ್ ತುಂಬಲೇ ಇಲ್ಲ. ಮಧ್ಯಾಹ್ನ ಹೊತ್ತು ನನ್ನ ಹಳೇ ಕಾಟನ್ ಸೀರೆಗಳನ್ನು ಪದರ ಪದರ ಇಟ್ಟು ಕೌದಿ ಹೊಲಿದರು. ಉಳಿದ ತುಂಡುಗಳಲ್ಲಿ ದಾರ ಎಳೆದು ಕಟ್ಟುವ ಚೀಲ ಹತ್ತು. ಈಗ ಬೇಳೆ, ಅಕ್ಕಿ, ತರಕಾರಿ ಎಲ್ಲಾ ಅದರಲ್ಲೇ. ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕವರ್ ನಿಷೇಧವಾದದ್ದು 2016ರಲ್ಲಿ. ತಳ್ಳುಗಾಡಿಯವರು ಇವತ್ತೂ ನಾನು ಚೀಲ ಬಿಚ್ಚುವುದರೊಳಗೆ ಕವರಿಗೆ ಊದಿರುತ್ತಾರೆ. "ಅಣ್ಣಾ, ಕವರ್ ಬೇಡ" ಅನ್ನುವುದನ್ನು ರೇಟು ಕೇಳುವ ಮೊದಲೇ ಹೇಳಬೇಕು.

ಕಿತ್ತಳೆ, ಮೋಸಂಬಿ ಸಿಪ್ಪೆ ಹುಳಿಸಿ ನೆಲ ಒರೆಸುವ ಬಯೋ ಎಂಜೈಮ್ ಕೂಡ ಮಾಡಿದೆ. ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು, ಮೂರು ತಿಂಗಳು. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಬೇಕು. ಒಂದು ವಾರ ಊರಿಗೆ ಹೋಗಿ ಬಂದಾಗ ಬಾಟಲಿ ಊದಿ ಸಿಡಿದು, ಅಡುಗೆಮನೆ ಗೋಡೆಗೆ ಬೆಲ್ಲದ ನೀರು, ಅದಕ್ಕೆ ಇರುವೆ ಸಾಲು. ನೆಲ, ಬಾತ್‌ರೂಮಿಗೆ ಅದು ಸಾಕು, ಫಿನಾಯಿಲ್ ಕೊಳ್ಳುವುದು ನಿಲ್ಲಿಸಿದ್ದೇನೆ. ಜಿಡ್ಡಿನ ಬಾಣಲೆಗೆ ಮಾತ್ರ ಏನೂ ಆಗದು. ಅದಕ್ಕೆ ಈಗಲೂ ಸೋಪೇ.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಫಿನಾಯಿಲ್, ಡಸ್ಟ್‌ಬಿನ್ ಕವರ್, ಗಿಡದ ಗೊಬ್ಬರ, ಅಡುಗೆಮನೆಯ ಟಿಶ್ಯೂ ಸೇರಿ ತಿಂಗಳಿಗೆ ನಾನೂರು ಚಿಲ್ಲರೆ ಉಳಿಯುತ್ತಿದೆ. ಅದಕ್ಕಿಂತ ಜಾಸ್ತಿ ಉಳಿದದ್ದು ತರಕಾರಿಯಲ್ಲಿ. ಕೊಳೆಸಿ ಎಸೆದದ್ದು ಎಷ್ಟು ಅಂತ ಬಕೆಟ್ ದಿನಾ ತೋರಿಸುತ್ತದೆ, ಕೈ ತಾನಾಗಿ ಅಳೆದು ಕೊಳ್ಳುತ್ತದೆ.

ಒಣ ಎಲೆಯ ಚಿಂತೆಯೂ ತೀರಿತು. ನಮ್ಮ ರಸ್ತೆಯ ಹೊಂಗೆ ಮರಗಳು ಯುಗಾದಿಗೆ ಮುಂಚೆ ಎಲೆ ಉದುರಿಸುತ್ತವೆ. ಗುಡಿಸುವ ಅಕ್ಕನಿಗೆ ಎರಡು ಅಕ್ಕಿ ಚೀಲ ಕೊಟ್ಟು, "ತುಂಬಿಸಿಡ್ತೀರಾ?" ಅಂತ ಕೇಳಿದೆ. "ಎಲೆ ತಗೊಂಡೋಗಿ ಏನ್ ಮಾಡ್ತೀರಾ?" ಅಂತ ನಕ್ಕರು. ಮೊದಲ ಗೊಬ್ಬರ ಬಂದಾಗ ಅವರಿಗೂ ಒಂದು ಡಬ್ಬಿ ಕೊಟ್ಟೆ, ಮನೆ ಮುಂದೆ ಕನಕಾಂಬರ ಇಟ್ಟಿದ್ದಾರಂತೆ. ಈ ವರ್ಷ ಕೇಳದೆಯೇ ಐದು ಚೀಲ ತುಂಬಿಸಿ ಗೇಟಿನ ಒಳಗೆ ಇಟ್ಟು ಹೋಗಿದ್ದರು. ಸರಿಯಾಗಿ ಓನರ್ ಆಂಟಿ ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ.