ಜೂಲಿಯನ್ನನ ನಾಣ್ಯ ಗುರುತಿಸೋದು ಹೇಗೆ? ಗದ್ದದಿಂದ ಶುರು ಮಾಡಿ

ನಾಲ್ಕನೇ ಶತಮಾನದ ರೋಮನ್ ಕಂಚಿನ ನಾಣ್ಯಗಳಲ್ಲಿ ಹೆಚ್ಚಿನ ಚಕ್ರವರ್ತಿಗಳು ಅಣ್ಣತಮ್ಮಂದಿರ ಹಾಗೆ ಕಾಣ್ತಾರೆ. ತಲೆಗೆ ಮುತ್ತಿನ ಪಟ್ಟಿ, ಉದ್ದ ಮೂಗು, ನುಣ್ಣಗೆ ಬೋಳಿಸಿದ ಗದ್ದ. ಹೊಸಬರಿಗೆ ನಾನು ಚಕ್ರವರ್ತಿ ಜೂಲಿಯನ್ನನಿಂದಲೇ ಶುರು ಮಾಡಿಸೋದು ಅದಕ್ಕೇ: ಅವನಿಗೆ ಗಡ್ಡ ಇದೆ.

ನಾಣ್ಯ ಕೈಗೆ ಬಂದ ಕೂಡಲೇ ಉಜ್ಜಬೇಡಿ. ನನ್ನ ಮೊದಲನೆಯದನ್ನು ಬ್ರಷ್ಷಿನಿಂದ ತಿಕ್ಕಿ ಫಳಫಳ ಮಾಡಿದ್ದೆ. ಹಸಿರು ಪೊರೆಯ ಜೊತೆ ಅಕ್ಷರಗಳೂ ಹೋದವು. ಡಿಸ್ಟಿಲ್ಡ್ ನೀರಲ್ಲಿ ನೆನೆಹಾಕಿ, ಆಗಾಗ ನೀರು ಬದಲಿಸಿ, ಮೆತ್ತಗಾದ ಮಣ್ಣನ್ನು ಮರದ ಕಡ್ಡಿಯಿಂದ ಎಬ್ಬಿಸಿ. ವಾರಗಟ್ಟಲೆ ಆಗುತ್ತೆ, ಆಗಲಿ. ಆಮೇಲೆ ಟಾರ್ಚನ್ನು ಪಕ್ಕದಿಂದ ತಗ್ಗಾಗಿ ಹಿಡಿದರೆ ಸವೆದ ಗೆರೆಗಳೂ ನೆರಳಲ್ಲಿ ಎದ್ದು ಕಾಣುತ್ತವೆ.

ಈಗ ಹೆಸರು ಓದಿ. ‘ಜೆ’, ‘ಯು’ ಹುಡುಕಬೇಡಿ. ಅವುಗಳ ಜಾಗದಲ್ಲಿ ‘ಐ’, ‘ವಿ’ ಇರುತ್ತವೆ. ಗದ್ದ ಬೋಳಾಗಿದ್ದು, ಹೆಸರಿನ ಜೊತೆ ‘ಎನ್‌ಒಬಿ’ (NOB, ‘ಅತ್ಯಂತ ಕುಲೀನ’ ಎಂಬ ಬಿರುದಿನ ಮೊದಲಕ್ಷರಗಳು) ಇದ್ದರೆ ಅದು 355ರಿಂದ 360ರ ನಡುವಿನದು. ಆಗವನು ದೊಡ್ಡಪ್ಪನ ಮಗ ಕಾನ್‌ಸ್ಟಾಂಟಿಯಸ್‌ನ ಕೈಕೆಳಗಿನ ಸೀಸರ್, ಅಂದರೆ ಕಿರಿಯ ಚಕ್ರವರ್ತಿ. ಇಳಿಬಿದ್ದ ಗಡ್ಡ, ಜೊತೆಗೆ ‘ಎವಿಜಿ’ (AVG) ಇದ್ದರೆ ಅವನು ಆಗಸ್ಟಸ್, ಅಂದರೆ ಪೂರ್ಣ ಚಕ್ರವರ್ತಿ ಆದ ಮೇಲಿನದು. 361ರ ನವೆಂಬರಿನಲ್ಲಿ ಕಾನ್‌ಸ್ಟಾಂಟಿಯಸ್ ಸತ್ತ ಮೇಲೆ ಅವನೊಬ್ಬನೇ ಚಕ್ರವರ್ತಿ, ಕ್ರೈಸ್ತಧರ್ಮಕ್ಕೂ ಮುಂಚಿನ ಹಳೆಯ ದೇವರುಗಳನ್ನು ಬಹಿರಂಗವಾಗಿ ಪೂಜಿಸಿದವನು. ತತ್ತ್ವಜ್ಞಾನಿಯ ಗಡ್ಡ ಅದು.

ದೊಡ್ಡ ಕಂಚಿನದಾದರೆ ಹಿಂಬದಿಯಲ್ಲಿ ಒಂದು ಗೂಳಿ, ಅದರ ಮೇಲೆ ಎರಡು ನಕ್ಷತ್ರ, ಸುತ್ತ ‘ರಾಜ್ಯದ ಭದ್ರತೆ’ ಎಂಬರ್ಥದ ಲ್ಯಾಟಿನ್ ಬರಹ. ಬಲಿಯ ಗೂಳಿಯೋ, ಈಜಿಪ್ಟಿನವರು ಪೂಜಿಸುತ್ತಿದ್ದ ಪವಿತ್ರ ಗೂಳಿ ಏಪಿಸ್ಸೋ, ವಿದ್ವಾಂಸರು ಇನ್ನೂ ಜಗಳ ಆಡ್ತಿದ್ದಾರೆ. ಗೂಳಿಯ ಕಾಲಡಿ ಟಂಕಸಾಲೆಯ ಗುರುತಿರುತ್ತೆ. ‘ಎಎನ್‌ಟಿ’ (ANT) ಕಂಡರೆ ಬಿಡಬೇಡಿ, ಅದು ಆಗಿನ ಸಿರಿಯಾದ ದೊಡ್ಡ ನಗರ ಆಂಟಿಯೋಕ್. ಆ ಊರಿನವರು ಜೂಲಿಯನ್ನನ ಗೂಳಿಯನ್ನೂ ಗಡ್ಡವನ್ನೂ ಸೇರಿಸಿ ಗೇಲಿ ಮಾಡಿದರು. ಅವನು ಶಿಕ್ಷಿಸಲಿಲ್ಲ, ‘ಗಡ್ಡದ್ವೇಷಿ’ ಅಂತ ಗ್ರೀಕಿನಲ್ಲಿ ಒಂದು ವಿಡಂಬನೆ ಬರೆದ. ನನ್ನ ಗಡ್ಡದಲ್ಲಿ ಹೇನುಗಳು ಪೊದೆಯೊಳಗಿನ ಕಾಡುಮೃಗಗಳ ಹಾಗೆ ಓಡಾಡ್ತವೆ ಅಂತ ತಾನೇ ಹೇಳಿಕೊಂಡಿದ್ದಾನೆ ಅದರಲ್ಲಿ! 363ರ ಮಾರ್ಚಿನಲ್ಲಿ ಊರು ಬಿಟ್ಟು ಪರ್ಷಿಯಾದ ಮೇಲೆ ದಂಡೆತ್ತಿ ಹೋದ. ಜೂನ್ 26ರಂದು ಈಟಿಯ ಗಾಯದಿಂದ ಸತ್ತ.

ಒಂದು ಎಚ್ಚರಿಕೆ. 365ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ದಂಗೆಯೆದ್ದ ಪ್ರೊಕೋಪಿಯಸ್ ತಾನು ಜೂಲಿಯನ್ನನ ನೆಂಟ ಅಂತ ಹೇಳಿಕೊಂಡವನು. ನಾಣ್ಯದಲ್ಲಿ ಅವನಿಗೂ ಗಡ್ಡ ಇದೆ. ಹೆಸರು ಸವೆದಿದ್ದರೆ ನಾಣ್ಯ ತಿರುಗಿಸಿ ನೋಡಿ: ಇವರಿಬ್ಬರಲ್ಲಿ ಗೂಳಿ ಜೂಲಿಯನ್ನನದು ಮಾತ್ರ.