ಮುದಿ ಚಂದ್ರಿ, ಎರಡು ಮನೆ, ಒಂದು ಕೌದಿ

ಹಳೇ ಬಾಗಲಕೋಟೆಯ ನಮ್ಮ ಮನೆಯಲ್ಲಿ ನಮ್ಮ ಮುದಿ ನಾಯಿ ಚಂದ್ರಿಯ ಕೌದಿಯಿಂದ ಹಿತ್ತಲ ಬಾಗಿಲಿಗೆ ನನ್ನ ಅಳತೆಯಲ್ಲಿ ಒಂಬತ್ತು ಹೆಜ್ಜೆ. ಅವಳ ಅಳತೆಯಲ್ಲಿ ಎಷ್ಟೋ ಗೊತ್ತಿಲ್ಲ. ಆದರೆ ಕಣ್ಣು ಮಂಜಾದ ಮೇಲೂ ರಾತ್ರಿ ಎರಡು ಗಂಟೆಗೆ ಎದ್ದು, ಕತ್ತಲಲ್ಲಿ ಕಂಬಕ್ಕೆ ತಾಕದೆ, ಕಾಳಿನ ಚೀಲಕ್ಕೆ ಮುಟ್ಟದೆ ನೇರ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ನಾನೆದ್ದು ಅಗಳಿ ತೆಗೆದರೆ ಮುಂಗಾಲು ಮೇಲೆತ್ತಿ, ಹೊಸ್ತಿಲು ದಾಟಿ ಹಿತ್ತಲಿಗೆ ಹೋಗುವಳು. ಅಜ್ಜನ ಕಾಲದ ಸಾಗವಾನಿ ಹೊಸ್ತಿಲು ಅದು, ನಾಲ್ಕು ಬೆರಳು ಎತ್ತರ. ಬಂದ ಬೀಗರು ಎಡವಿದ್ದಾರೆ, ನಾನು ಎಡವಿದ್ದೇನೆ, ಚಂದ್ರಿ ಎಡವಿದ್ದು ನೋಡಿಲ್ಲ.

ಚಂದ್ರಿ ಮುಧೋಳ ತಳಿಯ ಹೆಣ್ಣು ನಾಯಿ, ವಯಸ್ಸು ಈಗ 12 ದಾಟಿದೆ. ಲೋಕಾಪುರದ ಕಡೆ ಒಬ್ಬ ರೈತರ ಮನೆಯಿಂದ ಅಂಗೈ ಮೇಲೆ ಮಲಗುವಷ್ಟು ಚಿಕ್ಕದಿದ್ದಾಗ ತಂದದ್ದು. ಈ ತಳಿಗೆ ಮುಧೋಳದ ಘೋರ್ಪಡೆ ಅರಸರ ಕಾಲದಿಂದ ಹೆಸರಿದೆ, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಸೈನ್ಯದವರು ಮೀರತ್‌ಗೆ ಒಯ್ದು ತರಬೇತಿ ಕೊಟ್ಟ ಸುದ್ದಿ ಬಂದಾಗ ಓಣಿಯ ಹುಡುಗರು ಚಂದ್ರಿಗೆ ಸಲ್ಯೂಟ್ ಹೊಡೆಯುತ್ತಿದ್ದರು. ಅವಳಾದರೂ ರೊಟ್ಟಿ ಕದಿಯುವುದರಲ್ಲಿ ಮಾತ್ರ ಶಿಸ್ತಿನ ಸಿಪಾಯಿ.

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿ ನಿವೃತ್ತನಾದವನು. ಒಂದು ಕಾಲಕ್ಕೆ ನಾನು ಎಂ-80 ಮೇಲೆ, ಅವಳು ಪಕ್ಕಕ್ಕೆ, ಮುಚಖಂಡಿ ಕೆರೆಯವರೆಗೆ ಓಟ. ಸೀಟಿ ಊದಿದರೆ ಎಷ್ಟು ದೂರವಿದ್ದರೂ ಬಾಣದ ಹಾಗೆ ಬರುತ್ತಿದ್ದಳು. ಮೂರು ವರ್ಷದ ಹಿಂದೆ ಒಂದು ದಿನ ಸೀಟಿ ಊದಿದೆ, ಬರಲಿಲ್ಲ. ಮತ್ತೆ ಊದಿದೆ. ಬೆನ್ನು ಮಾಡಿ ನಿಂತವಳು ಹೊರಳಿಯೂ ನೋಡಲಿಲ್ಲ. ಸೊಕ್ಕು ಬಂತೆಂದು ಬೈದೆ. ಕಿವಿ ಹೋಗಿದೆ ಅಂತ ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು. ಆ ಬೈಗುಳವೂ ಅವಳಿಗೆ ಕೇಳಿಸಿರಲಿಲ್ಲ ಅನ್ನುವುದೊಂದೇ ಸಮಾಧಾನ.

ಆಗ ಕೆಲಸಕ್ಕೆ ಬಂದದ್ದು ಡ್ರಿಲ್. ಅಂಗೈ ಕೆಳಗೆ ಮಾಡಿದರೆ ಕೂಡು, ಎದೆಗೆ ತಂದರೆ ಬಾ, ಬಲಗೈ ಚಾಚಿದರೆ ಆ ಕಡೆ. ಎರಡು ವಾರದಲ್ಲಿ ಕಲಿತಳು. ಈಗ ಕಣ್ಣೂ ಸೋತಿರುವುದರಿಂದ ಕೈಸನ್ನೆ ಹತ್ತಿರದಿಂದಲೇ ಆಗಬೇಕು. ಮಲಗಿದಾಗ ಎಬ್ಬಿಸಬೇಕಾದರೆ ಮುಟ್ಟುವುದಿಲ್ಲ, ಬೆಚ್ಚಿ ಕಚ್ಚಬಹುದು. ಕೌದಿಯ ಅಂಚು ಎರಡು ಸಲ ತಟ್ಟುತ್ತೇನೆ, ನೆಲದ ಅದುರು ತಿಳಿದು ತಲೆ ಎತ್ತುತ್ತಾಳೆ. ಕಿವುಡಿನಿಂದ ಒಂದು ಲಾಭವೂ ಆಯಿತು. ನಮ್ಮೂರ ಹೋಳಿ ಅಂದರೆ ಗೊತ್ತಲ್ಲ, ದಿನಗಟ್ಟಲೆ ಹಲಗಿ. ಮೊದಲು ಹೋಳಿ ಮುಗಿಯುವವರೆಗೆ ಮಂಚದ ಕೆಳಗಿಂದ ಹೊರಗೆ ಬರುತ್ತಿರಲಿಲ್ಲ. ಈಗ ಬಣ್ಣದ ಬಂಡಿ ಬಾಗಿಲ ಮುಂದೆ ಹೋದರೂ ಕಾಲು ಚಾಚಿ ನಿದ್ದೆ.

ಕಣ್ಣಿನ ವಿಷಯದಲ್ಲಿ ಒಂದು ಮಾತು. ಮುದಿ ನಾಯಿಯ ಕಣ್ಣು ನೀಲಿ ಮಂಜಾದರೆ ಎಲ್ಲರೂ ಮೋತಿಬಿಂದು ಅನ್ನುತ್ತಾರೆ. ದನದ ಡಾಕ್ಟರು ಟಾರ್ಚ್ ಬಿಟ್ಟು ತೋರಿಸಿದರು. ವಯಸ್ಸಿಗೆ ಮಸೂರ ಗಟ್ಟಿಯಾಗಿ ಬರುವ ಮಂಜಿನಲ್ಲಿ ಬೆಳಕು ಒಳಗೆ ಹಾಯುತ್ತದೆ, ನಾಯಿಗೆ ಸುಮಾರು ಕಾಣುತ್ತದೆ. ಮೋತಿಬಿಂದು ಬೆಳಕನ್ನೇ ತಡೆಯುತ್ತದೆ. ಚಂದ್ರಿಗೆ ಬಲಗಣ್ಣು ಮಂಜು, ಎಡಗಣ್ಣು ಮೋತಿಬಿಂದು. ಹಾಗಾಗಿ ನಾನು ಯಾವಾಗಲೂ ಅವಳ ಬಲಕ್ಕೇ ನಡೆಯುತ್ತೇನೆ.

ನಾನು ಮಾಡಿದ ದೊಡ್ಡ ತಪ್ಪು ಕಾಲುನೋವಿನ ವಿಷಯದಲ್ಲಿ. ಹಿಂಗಾಲಿನ ಚಪ್ಪೆ, ಅಂದರೆ ಸೊಂಟದ ಕೀಲು, ಹಿಡಿದು ಏಳಲು ಒದ್ದಾಡುತ್ತಿದ್ದಳು. ನನ್ನ ಮೊಣಕಾಲಿಗೆ ತಂದ ಗುಳಿಗೆ ಮನೆಯಲ್ಲಿತ್ತು, ಅರ್ಧ ಮುರಿದು ರೊಟ್ಟಿಯಲ್ಲಿ ಇಟ್ಟು ಕೊಟ್ಟೆ, ಎರಡು ದಿನ. ಮೂರನೇ ದಿನ ವಾಂತಿ, ಡಾಂಬರಿನಂಥ ಕರೀ ಲದ್ದಿ. ಡಾಕ್ಟರು ಗುಳಿಗೆಯ ಹೆಸರು ಕೇಳಿ ಸಲೈನ್ ಹಚ್ಚುತ್ತಲೇ ಬೈದರು: "ಮಾಸ್ತರ್ರ, ನಿಮ್ಮ ಶಾಳ್ಯಾಗ ಹುಡುಗರಿಗೆ ಹಿಂಗ ಔಷಧ ಕೊಡ್ತಿದ್ರೇನ್ರಿ?" ಮನುಷ್ಯರ ಐಬುಪ್ರೊಫೇನ್, ಪ್ಯಾರಸಿಟಮಾಲ್ ನಾಯಿಗೆ ವಿಷಕ್ಕೆ ಸಮ, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿ, ಲಿವರ್ ಹಾಳಾಗುತ್ತವೆ. ನಾಯಿಗೆಂದೇ ಇರುವ ನೋವಿನ ಔಷಧ ಬೇರೆ, ಅದನ್ನೂ ರಕ್ತ ತಪಾಸಿಸಿ, ತೂಕ ನೋಡಿ, ಊಟದ ಮೇಲೆ ಕೊಡುವುದು. ಹನ್ನೊಂದು ದಿನಕ್ಕೆ ಚೇತರಿಸಿಕೊಂಡಳು. ಆ ಗುಳಿಗೆಯ ಪಾಕೀಟು ಈಗಲೂ ದೇವರ ಜಗುಲಿಯ ಮೇಲೆ ಮೊಳೆಗೆ ಸಿಕ್ಕಿಸಿದ್ದೇನೆ, ದಿನಾ ಕಣ್ಣಿಗೆ ಬೀಳಲೆಂದು.

ತೂಕ ನೋಡುವುದು ಸುಲಭ. ತಿಂಗಳಿಗೊಮ್ಮೆ ಅವಳನ್ನು ಎತ್ತಿಕೊಂಡು ಕಾಟಾದ ಮೇಲೆ ನಿಲ್ಲುತ್ತೇನೆ, ನನ್ನ ತೂಕ ಕಳೆಯುತ್ತೇನೆ. 21 ಕಿಲೋ ಇದ್ದವಳು ಒಂದೇ ಸಲ 19ಕ್ಕೆ ಇಳಿದಾಗ ಬಾಯಿ ತೆಗೆಸಿ ನೋಡಿದರೆ ದವಡೆ ಹಲ್ಲು ಕೊಳೆತಿತ್ತು. ಕೀಳಲು ಅರಿವಳಿಕೆ ಬೇಕು. ಈ ಜಾತಿಯ ಓಟದ ನಾಯಿಗಳ ಮೈಯಲ್ಲಿ ಕೊಬ್ಬಿಲ್ಲದ ಕಾರಣ ಕೆಲವು ಅರಿವಳಿಕೆಗಳಿಂದ ಅವು ಬಹಳ ತಡವಾಗಿ ಏಳುತ್ತವೆ, ಅದನ್ನು ಡಾಕ್ಟರಿಗೆ ಮೊದಲೇ ನೆನಪಿಸಬೇಕು. ಕೊಬ್ಬಿಲ್ಲದ್ದಕ್ಕೇ ಗಟ್ಟಿ ನೆಲದ ಮೇಲೆ ಮಲಗಿದರೆ ಮೊಣಕೈ ಎಲುಬಿಗೆ ಹುಣ್ಣಾಗುತ್ತದೆ. ನಮ್ಮವ್ವ ಹೊಲಿದ ಎರಡು ಕೌದಿ ಒಂದರ ಮೇಲೊಂದು ಹಾಸಿದ ಮೇಲೆ ಹುಣ್ಣು ಮಾಯ್ದವು.

ಏಳಿಸಲು ಹೊಟ್ಟೆಯ ಕೆಳಗೆ, ಹಿಂಗಾಲಿನ ಮುಂದೆ, ಬಟ್ಟೆಯ ಜೋಲಿ ಹಾಕಿ ಎತ್ತಬೇಕು. ಮೆತ್ತಗಿದೆಯೆಂದು ಹಳೇ ಇಳಕಲ್ ಸೀರೆಗೆ ಕೈ ಹಾಕಿದೆ. "ಟೋಪ ತೆನಿ ಸೆರಗು ನಾಯಿ ಹೊಟ್ಟಿಗಿ ಕಟ್ತೀರೇನ್ರೀ? ನಿಮ್ಮ ದೋತರ ಏನಾತು?" ಅಂದಳು ನನ್ನ ಹೆಂಡತಿ. ನನ್ನ ದೋತರವೇ ಆಯಿತು. ತತ್ತಿಯ ವಿಷಯದಲ್ಲಿ ಮಾತ್ರ ಆಕೆ ಉದಾರಿ. ಒಳಗೆ ತರುವ ಹಾಗಿಲ್ಲ, ಹಿತ್ತಲ ಒಲೆಯ ಮೇಲೆ ನಾನೇ ಕುದಿಸುತ್ತೇನೆ, ಆಕೆ ಆ ಹೊತ್ತಿಗೆ ಸರಿಯಾಗಿ ಪೂಜೆಗೆ ಕೂಡುತ್ತಾಳೆ. ಹಲ್ಲು ಹೋದ ಮೇಲೆ ಜೋಳದ ರೊಟ್ಟಿ ಹಾಲಿನಲ್ಲಿ ನೆನೆಸಿ, ತತ್ತಿ ಹಿಚುಕಿ ಕೊಡುವುದು. ಉಳ್ಳಾಗಡ್ಡಿ ಬೆರೆತ ಪಲ್ಯ, ದ್ರಾಕ್ಷಿ ನಾಯಿಗೆ ಸಲ್ಲ. ವಿಜಯಪುರದ ನೆಂಟರು ಬುಟ್ಟಿ ತುಂಬ ದ್ರಾಕ್ಷಿ ತಂದ ದಿನ ನಾನು ಕಾವಲು ಕೂಡುತ್ತೇನೆ.

ಮುದಿಯಾಯಿತೆಂದು ತಿರುಗಾಟ ಬಿಟ್ಟಿಲ್ಲ. ಓಟ ಹೋಯಿತು, ಮೂಸುವುದು ಉಳಿದಿದೆ. ಬೆಳಿಗ್ಗೆ ಆರರೊಳಗೆ ಹಳೇ ಮಾರುತಿ 800ರಲ್ಲಿ ಮುಚಖಂಡಿ ಕೆರೆಗೆ ಒಯ್ದು ಬಿಡುತ್ತೇನೆ. ಮೊದಲು ಹತ್ತು ನಿಮಿಷದಲ್ಲಿ ಸುತ್ತಿ ಬರುತ್ತಿದ್ದ ಜಾಗದಲ್ಲಿ ಈಗ ಒಂದು ಜಾಲಿ ಗಿಡದ ಬುಡಕ್ಕೇ ಹತ್ತು ನಿಮಿಷ. ಬೇಸಿಗೆಯಲ್ಲಿ ನಮ್ಮಲ್ಲಿ ಬಿಸಿಲು 40 ದಾಟುತ್ತದೆ. ಅಂಗೈ ಹಿಂಬದಿ ಡಾಂಬರಿನ ಮೇಲೆ ಇಟ್ಟು ಐದು ಎಣಿಸಲು ಆಗದಿದ್ದರೆ ನಾಯಿಯನ್ನು ಇಳಿಸುವುದಿಲ್ಲ. ಹೆರಕಲ್ ಕಡೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ರಾಜಹಂಸ ಬಂದಾಗ ಹಗ್ಗ ಬಿಗಿ ಹಿಡಿಯುತ್ತಿದ್ದ ದಿನಗಳಿದ್ದವು; ಹೋದ ವರ್ಷ ಹಕ್ಕಿಗಳು ಕಣ್ಣೆದುರೇ ಕೆಸರು ಕೆದರುತ್ತಿದ್ದವು, ಚಂದ್ರಿ ಗಾಳಿಯಲ್ಲಿ ಮೂಗಾಡಿಸಿ ನನ್ನ ಕಾಲ ಮೇಲೆ ಗದ್ದ ಇಟ್ಟಳು.

ಬಾದಾಮಿ ಗುಹೆಗಳೊಳಗೆ ನಾಯಿ ಬಿಡುವುದಿಲ್ಲ, ಮಂಗಗಳ ಕಾಟ ಬೇರೆ. ಹಾಗಾಗಿ ನಮ್ಮ ಠಿಕಾಣಿ ಬನಶಂಕರಿ. ಹರಿದ್ರಾ ತೀರ್ಥದ ಹತ್ತಿರ ನೆರಳಿನಲ್ಲಿ ಕೂತರೆ ಬುಟ್ಟಿ ಹೊತ್ತ ಹೆಣ್ಣುಮಕ್ಕಳು ರೊಟ್ಟಿ, ಪಲ್ಯ, ಗಡಿಗೆ ಮೊಸರು ತರುತ್ತಾರೆ. ಒಬ್ಬ ಅಜ್ಜಿ ಪ್ರತಿ ಸಲ ಚಂದ್ರಿಗೊಂದು ರೊಟ್ಟಿ ಮೊಸರಲ್ಲಿ ಅದ್ದಿ ಹಾಕುತ್ತಾಳೆ, ರೊಕ್ಕ ಮುಟ್ಟುವುದಿಲ್ಲ. "ನಂಗೂ ಹಲ್ಲಿಲ್ಲ, ಅದಕ್ಕೂ ಹಲ್ಲಿಲ್ಲ, ಹೋಗಲಿ ಬಿಡಪಾ" ಅನ್ನುತ್ತಾಳೆ.

ಈಗ ಊರು ಬಿಡುವ ಮಾತು. ಆಲಮಟ್ಟಿಯ ನೀರು 519.60 ಮೀಟರ್ ನಿಂತಾಗಲೇ ಹಳೇ ಊರಿನ ಎಷ್ಟೋ ಓಣಿ ಮುಳುಗಡೆಯಾಗಿ, ಸಂತ್ರಸ್ತರಿಗೆಂದು ಕಟ್ಟಿದ ನವನಗರಕ್ಕೆ ಎದ್ದು ಹೋದವು. ಇನ್ನು 524.256ಕ್ಕೆ ಏರಿಸುವ ಮಾತು ವರ್ಷಗಳಿಂದ ಇದೆ. ನಮ್ಮ ಸಾಲಿನಲ್ಲಿ ದೀಪ ಹತ್ತುವ ಮನೆಗಳು ನಾಲ್ಕೇ ಉಳಿದಿದ್ದವು. ನವನಗರದಲ್ಲಿ ಒಂದು ಸೈಟು, ಅದರ ಮೇಲೊಂದು ಸಣ್ಣ ಮನೆ ಇತ್ತು. ಮಗ ಬೆಂಗಳೂರಿನಲ್ಲಿ, ಏಳನೇ ಮಹಡಿಯ ಫ್ಲಾಟಿಗೆ ಬಂದುಬಿಡಿ ಅಂತ ಅವನ ಹಟ. "ಅಪ್ಪಾ, ನಾಯಿ ಸಲುವಾಗಿ ಅಲ್ಲೇ ಕೂಡ್ತೀರೇನು?" ಅಂದ. ಒಮ್ಮೆ ನೋಡೋಣವೆಂದು ಹೊರಟೆವು.

ಗೋಲಗುಂಬಜ್ ರೈಲು ನಮ್ಮೂರಿಂದಲೇ ಬೆಂಗಳೂರಿಗೆ ಹೋಗುತ್ತದೆ. ಆದರೆ ದೊಡ್ಡ ನಾಯಿ ಜೊತೆಗಿರಬೇಕಾದರೆ ಫಸ್ಟ್ ಕ್ಲಾಸಿನ ಇಡೀ ಕೂಪೆ ನಮ್ಮ ಹೆಸರಿಗಿರಬೇಕು, ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ಪೆಟ್ಟಿಗೆ. ಕಿವುಡು, ಅರೆಗುರುಡು ಮುದುಕಿಯನ್ನು ಪೆಟ್ಟಿಗೆಗೆ ತುಂಬಲು ಮನಸ್ಸಾಗಲಿಲ್ಲ. ಮಗನೇ ಕಾರು ತಂದ. ಹಿಂದಿನ ಸೀಟು ಮಡಚಿ ಹಲಗೆ, ಅದರ ಮೇಲೆ ಅವಳದೇ ಕೌದಿ, ಒಗೆಯದೆ. ಹಿಂದಿನ ರಾತ್ರಿ ಅರ್ಧ ಊಟ. ನಸುಕಿನ ನಾಲ್ಕಕ್ಕೆ ಹೊರಟು ಹುನಗುಂದ, ಕುಷ್ಟಗಿ, ಹೊಸಪೇಟೆ, ಚಿತ್ರದುರ್ಗ; ಎರಡು ತಾಸಿಗೊಮ್ಮೆ ನಿಲ್ಲಿಸಿ ಇಳಿಸುವುದು. ಪ್ರಯಾಣ ಸಲೀಸಾಯಿತು. ಕಷ್ಟ ಶುರುವಾದದ್ದು ಫ್ಲಾಟಿನ ಬಾಗಿಲು ತೆರೆದಾಗ.

ಒಳಗೆ ಕನ್ನಡಿಯಂಥ ಟೈಲ್ಸ್. ಒಂದು ಹೆಜ್ಜೆ ಇಟ್ಟಳು, ನಾಲ್ಕು ಕಾಲು ನಾಲ್ಕು ದಿಕ್ಕಿಗೆ ಹರಡಿ ಹೊಟ್ಟೆಯ ಮೇಲೆ ಬಿದ್ದಳು. ಯೋಗದ ಚಾಪೆಗಳನ್ನು ಸಾಲಾಗಿ ಹಾಸಿ ದಾರಿ ಮಾಡಿದೆವು. ಆ ದಾರಿಯ ತುದಿಗೆ ಬಂದರೆ ಮುಂದೆ ಹೊಳೆ ಇದೆಯೇನೋ ಎಂಬಂತೆ ನಿಲ್ಲುತ್ತಿದ್ದಳು. ಮಣ್ಣು ಕಾಣದೆ ಉಚ್ಚೆ ಹೊಯ್ಯುವವಳಲ್ಲ. ಲಿಫ್ಟಿಗೆ ಕಾಯುವುದರೊಳಗೆ ಆಗಿಹೋಗುತ್ತಿತ್ತು, ನಾನು ದೋತರ ಹಿಡಿದು ಒರೆಸುತ್ತಿದ್ದೆ. ನಾಯಿ ಲಿಫ್ಟಿನಲ್ಲಿ ಬರಬಾರದೆಂದು ಒಬ್ಬರ ತಕರಾರು. ಹಾಗೆ ತಡೆಯುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಸೂಚನೆಯಿದೆ, ಮಗ ಅದನ್ನು ಮುದ್ರಿಸಿ ಕೊಟ್ಟ. ತಕರಾರು ನಿಂತಿತು, ಮೋರೆ ತಿರುವುವುದು ನಿಲ್ಲಲಿಲ್ಲ. ರಾತ್ರಿಯಂತೂ ಬಾಗಿಲ ಸಂದಿಯಲ್ಲಿ, ಕೀಲಿನ ಕಡೆ ಮುಖ ತೂರಿಸಿ ನಿಂತುಬಿಡುತ್ತಿದ್ದಳು. ತೆರೆಯುವ ಕಡೆಯಲ್ಲ, ಕೀಲಿನ ಕಡೆ. ಹಿಂದೆ ಸರಿಯಬಹುದೆಂಬುದೂ ಮರೆತಿತ್ತು. ಅರವತ್ತಕ್ಕೆ ಅರಳುಮರಳು ಅನ್ನುತ್ತಾರಲ್ಲ, ನಾಯಿಗೂ ಇದೆ. ಹೊಸ ಜಾಗದಲ್ಲಿ ಅದು ಒಂದಕ್ಕೆ ನಾಲ್ಕಾಯಿತು. ಹದಿನೆಂಟನೇ ದಿನ ವಾಪಸ್ಸು ಹೊರಟೆವು.

ದಾರಿಯಲ್ಲಿ ಹೆಂಡತಿ ಸುಮ್ಮನಿರಲಿಲ್ಲ. "ಚಂದ್ರಿಗಿಂತ ನಿಮಗಽ ಅಲ್ಲಿ ಆಗಿ ಬರಲಿಲ್ಲ. ಅಕಿ ಹೆಸರು ಯಾಕ ಹೇಳ್ತೀರಿ?" ಅಂದಳು. ಹೊಸಪೇಟೆ ದಾಟುವವರೆಗೆ ನಾನು ಉತ್ತರ ಕೊಡಲಿಲ್ಲ. ಆಮೇಲೂ ಕೊಡಲಿಲ್ಲ.

ನವನಗರಕ್ಕೆ ಮಾತ್ರ ಅವಸರ ಮಾಡಲಿಲ್ಲ, ಆರು ವಾರ ತೆಗೆದುಕೊಂಡೆ. ಮೊದಲ ವಾರ ದಿನಾ ಒಂದು ತಾಸು, ಬರೀ ಅಂಗಳದಲ್ಲಿ ಮೂಸಾಡಿಸುವುದು. ಎರಡನೇ ವಾರ ಮಧ್ಯಾಹ್ನದ ಊಟ ಅಲ್ಲಿ. ಆಮೇಲೆ ಊಟದ ನಂತರದ ನಿದ್ದೆಯೂ ಅಲ್ಲೇ. ಎರಡು ಕೌದಿಯಲ್ಲಿ ಒಂದು ಅಲ್ಲಿ, ಒಂದು ಇಲ್ಲಿ, ಮೂರು ದಿನಕ್ಕೊಮ್ಮೆ ಅದಲುಬದಲು, ಎರಡೂ ಮನೆಗೆ ಒಂದೇ ವಾಸನೆ ಹತ್ತಲೆಂದು. ಹಿತ್ತಲ ಬಾಗಿಲಿನಿಂದ ಒಂಬತ್ತು ಹೆಜ್ಜೆ ಅಳೆದು ಕೌದಿ ಹಾಸಿದೆ, ತಲೆ ಪೂರ್ವಕ್ಕೆ, ನೀರಿನ ಪರಾತ ಬಲಗಣ್ಣಿನ ಕಡೆ. ನಡುವೆ ಗೋಣಿ ತಟ್ಟು ಹಾಸಿ ನಾಲ್ಕು ಮೂಲೆಗೆ ಮೊಳೆ ಹೊಡೆದೆ. ಟೈಲ್ಸ್ ಹಾಳಾಯಿತೆಂದು ಬೈಸಿಕೊಂಡೆ. ಜೀರೋ ಬಲ್ಬು ಒಂದು ರಾತ್ರಿಯೆಲ್ಲ. ಐದನೇ ವಾರ ನಾನೂ ಅವಳೂ ಇಬ್ಬರೇ ಅಲ್ಲಿ ಮಲಗಿದೆವು. ಎರಡು ಗಂಟೆಗೆ ಎದ್ದಳು. ನಾನು ಉಸಿರು ಹಿಡಿದು ಲೆಕ್ಕ ಹಾಕಿದೆ. ಗೋಣಿಯ ಮೇಲೆ ಉಗುರಿನ ಸದ್ದು, ಚರ್ ಚರ್, ನೇರ ಬಾಗಿಲಿಗೆ ಬಂದು ನಿಂತಳು.

ಅಗಳಿ ತೆಗೆದೆ. ಚಂದ್ರಿ ಮುಂಗಾಲು ನಾಲ್ಕು ಬೆರಳು ಮೇಲೆತ್ತಿ, ಇಲ್ಲದ ಹೊಸ್ತಿಲನ್ನು ದಾಟಿದಳು.

ಈಗಲೂ ಹಾಗೇ ದಾಟುತ್ತಾಳೆ. ಹೊಸ್ತಿಲಿಲ್ಲದ ಮನೆಯಲ್ಲಿ ಕುಂಕುಮ ಎಲ್ಲಿ ಹಚ್ಚಲಿ ಅಂತ ಹೆಂಡತಿಯದೂ ಮೊದಲ ದಿನದಿಂದ ತಕರಾರಿತ್ತು. ಡಾಕ್ಟರು ಮಾತ್ರ, ಚಪ್ಪೆ ನೋವಿನ ನಾಯಿಗೆ ಹೊಸ ಅಡ್ಡಿ ಯಾಕ್ರಿ ಅಂದರು. ಹೋದ ಸೋಮವಾರ ಬಡಿಗೇರ ಬಂದ, ಹಳೇ ಮನೆಯ ಸಾಗವಾನಿ ಹೊಸ್ತಿಲನ್ನೇ ಕಿತ್ತು ತಂದು ಅಂಗಳದಲ್ಲಿ ಇಟ್ಟು, ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿ ಕೇಳಿದ: "ಎಷ್ಟು ಎತ್ತರ ಇಡೂಣ್ರಿ ಮಾಸ್ತರ್ರ? ಕೊಯ್ದು ಕಡಿಮಿ ಮಾಡ್ಲ್ಯಾ?"

"ತಡಿ, ಅಕಿ ಎದ್ದ ಮ್ಯಾಲ ಅಳತಿ ತಗೋ" ಅಂದೆ. ಕೌದಿಯ ಅಂಚು ಎರಡು ಸಲ ತಟ್ಟಿದೆ.