ಆಂಬ್ರಿಡ್ಜ್ ಊರಿನ ಮನೆಗಳು ನನಗೆ ಗುರುತಾದದ್ದು ಹೀಗೆ

ಬಿಬಿಸಿ ರೇಡಿಯೊ 4ರ ‘ದಿ ಆರ್ಚರ್ಸ್’ ಧಾರಾವಾಹಿಯನ್ನು ಎಲ್ಲಿಂದ ಕೇಳಲು ಶುರು ಮಾಡೋದು ಅಂತ ಕೇಳುವವರಿಗೆ ನಾನು ಹೇಳುವುದು ಇಷ್ಟೇ. ಇವತ್ತಿನ ಕಂತಿನಿಂದ ಶುರು ಮಾಡಿ. ಹಿಂದಿನ ಕತೆ ಹುಡುಕಿಕೊಂಡು ಹೋಗಬೇಡಿ. 1951ರ ಜನವರಿ 1ರಿಂದ ಇಡೀ ಬ್ರಿಟನ್ನಿಗೆ ಪ್ರಸಾರ ಆಗುತ್ತಾ ಬಂದಿರುವ ನಾಟಕ ಇದು. ಶುರುವಿನ ವರ್ಷಗಳ ಹೆಚ್ಚಿನ ಕಂತುಗಳನ್ನು ಯಾರೂ ಉಳಿಸಿಟ್ಟೇ ಇಲ್ಲ. ಮದುವೆಯಾಗಿ ಹೊಸ ಊರಿಗೆ ಬಂದ ಸೊಸೆಗೆ ಯಾರೂ ಊರಿನ ಕತೆಯನ್ನು ಮೊದಲಿಂದ ಕೂರಿಸಿ ಹೇಳುವುದಿಲ್ಲ, ಅಲ್ವಾ? ದಿನ ಕಳೆದ ಹಾಗೆ ಯಾರು ಯಾರ ಅಣ್ಣ, ಯಾರ ಮನೆಗೆ ಯಾರು ಹೋಗುವುದಿಲ್ಲ ಅನ್ನೋದು ತಾನಾಗಿ ಗೊತ್ತಾಗುತ್ತದೆ. ಇಲ್ಲೂ ಅಷ್ಟೇ.

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಮನೆ. ಮೊದಲು ನಾನು ಶಿವಮೊಗ್ಗದಲ್ಲಿ ಕೆಲಸಕ್ಕಿದ್ದೆ. ಇಂಗ್ಲಿಷ್ ಕಿವಿಗೆ ರೂಢಿಯಾಗಲಿ ಅಂತ ಬಸ್ಸಿನಲ್ಲಿ ಕೇಳಲು ಹಿಡಿದವಳು ಆಮೇಲೆ ಬಿಡಲೇ ಇಲ್ಲ. ಒಂದು ಕಂತು ಹದಿಮೂರು ನಿಮಿಷದ ಆಸುಪಾಸು, ಭಾನುವಾರದಿಂದ ಶುಕ್ರವಾರದವರೆಗೆ ಅಲ್ಲಿನ ಸಂಜೆ 7ಕ್ಕೆ ಬರುತ್ತದೆ. ಅಷ್ಟೊತ್ತಿಗೆ ಇಲ್ಲಿ ನಡುರಾತ್ರಿ. ಆದರೆ ವಾರದ ದಿನಗಳಲ್ಲಿ ಹಿಂದಿನ ದಿನದ ಕಂತನ್ನು ಮಧ್ಯಾಹ್ನ 2ಕ್ಕೆ ಮತ್ತೆ ಹಾಕುತ್ತಾರೆ. ಚಳಿಗಾಲದಲ್ಲಿ ಅದು ನಮಗೆ ರಾತ್ರಿ 7.30. ಅಡಿಕೆ ಸುಲಿಯುವ ಕಾಲವೂ ಅದೇ. ಮೆಟ್ಟುಕತ್ತಿ ಹಾಕಿಕೊಂಡು ಎಲ್ಲರೂ ಕೂತಿರುತ್ತೇವೆ, ಕೈಗೆ ಕೆಲಸ ಇರುತ್ತದೆ, ಕಿವಿ ಖಾಲಿ ಇರುತ್ತದೆ. ನಾನು ಕೇಳುವುದು, ಮುಗಿದ ಮೇಲೆ ಅತ್ತೆಗೆ ಕನ್ನಡದಲ್ಲಿ ಹೇಳುವುದು. ಈ ಹೇಳುವ ಕೆಲಸದಿಂದಲೇ ನನಗೆ ನಾಟಕ ಸರಿಯಾಗಿ ಹಿಡಿತಕ್ಕೆ ಬಂತು. ಅರ್ಧಂಬರ್ಧ ಅರ್ಥವಾದದ್ದನ್ನು ಇನ್ನೊಬ್ಬರಿಗೆ ಹೇಳೋಕೆ ಆಗುವುದಿಲ್ಲ, ಅದರಲ್ಲೂ ನಮ್ಮ ಅತ್ತೆ ನಡುವೆ ನಡುವೆ ಪ್ರಶ್ನೆ ಕೇಳುವವರು.

ಶುರುವಿನಲ್ಲಿ ಕಷ್ಟವಾದದ್ದು ಹೆಸರುಗಳು. ರೇಡಿಯೊದಲ್ಲಿ ಮುಖ ಕಾಣುವುದಿಲ್ಲ, ಒಂದೇ ವಯಸ್ಸಿನ ಹೆಂಗಸರ ಧ್ವನಿ ಒಂದೇ ಥರ ಕೇಳುತ್ತದೆ. ಅದಕ್ಕೆ ನಾನೊಂದು ನೋಟ್‌ಬುಕ್ ಇಟ್ಟೆ. ಅದರಲ್ಲಿ ಜನರ ಹೆಸರಿನ ಬದಲು ಮನೆಗಳ ಹೆಸರು ಬರೆದೆ. ನಮ್ಮ ಕಡೆಯೂ ಜನರನ್ನು ಗುರುತು ಹೇಳುವುದು ಮನೆ ಹೆಸರಿನಿಂದಲೇ ತಾನೆ. ಆಂಬ್ರಿಡ್ಜ್ ಅನ್ನುವುದು ಕಲ್ಪನೆಯ ಊರು, ಅದಿರುವ ಬೋರ್ಸೆಟ್‌ಶೈರ್ ಜಿಲ್ಲೆ ಕೂಡ ಕಲ್ಪನೆಯದೇ. ಅಲ್ಲಿ ಬ್ರೂಕ್‌ಫೀಲ್ಡ್ ಅಂದರೆ ಆರ್ಚರ್ ಕುಟುಂಬದ ಮೂಲ ಮನೆ, ಹಾಲಿನ ಹಸುಗಳಿರುವ ಜಮೀನು. ಬ್ರಿಜ್ ಫಾರ್ಮ್ ಅಂದರೆ ಪ್ಯಾಟ್ ಮತ್ತು ಟೋನಿಯವರದು, ಸಾವಯವ ಕೃಷಿ, ಮಗಳು ಹೆಲೆನ್ ಚೀಸ್ ಮಾಡುತ್ತಾಳೆ. ಹೋಮ್ ಫಾರ್ಮ್ ಅಂದರೆ ಆಲ್ಡ್ರಿಜ್ ಮನೆತನ, ದುಡ್ಡಿರುವವರು. ಗ್ರೇಂಜ್ ಫಾರ್ಮ್ ಅಂದರೆ ಗ್ರಂಡಿಗಳು, ಯಾವಾಗಲೂ ಕೈ ಬಿಗಿ. ಜೊತೆಗೆ ‘ಬುಲ್’ ಅನ್ನುವ ಪಬ್ಬು, ಊರಿನ ಅಂಗಡಿ. ಯಾರಾದರೂ ಮಾತಾಡಿದರೆ ಮೊದಲು ಯಾವ ಮನೆಯವರು ಅಂತ ನೋಡುತ್ತಿದ್ದೆ. ಮನೆ ಗೊತ್ತಾದರೆ ಜಗಳ ಯಾತಕ್ಕೆ ಅನ್ನೋದು ಅರ್ಧ ಗೊತ್ತಾದ ಹಾಗೆ.

ಗ್ರಂಡಿಗಳ ಕತೆಯನ್ನು ಅತ್ತೆಗೆ ಹೇಳಿದ ದಿನ ನನಗೆ ಚೆನ್ನಾಗಿ ನೆನಪಿದೆ. ಅವರು ಜಮೀನಿನ ಒಡೆಯರಾಗಿರಲಿಲ್ಲ, ಗೇಣಿದಾರರಾಗಿದ್ದರು. 2000ದಲ್ಲಿ ಬಾಡಿಗೆ ಕಟ್ಟಲಾಗದೆ ಮನೆ, ಜಮೀನು ಎರಡನ್ನೂ ಬಿಡಬೇಕಾಯಿತು. ಇದನ್ನು ಹೇಳಿದ್ದೇ ತಡ, ಅತ್ತೆ ಕತ್ತಿ ನಿಲ್ಲಿಸಿ, “ಅಲ್ಲ ಮಾರಾಯ್ತಿ, ಅಲ್ಲಿ ಡಿಕ್ಲರೇಶನ್ ಕೊಡೋದು ಇರ್ಲಿಲ್ವಾ?” ಅಂದರು. 1974ರ ಭೂಸುಧಾರಣೆ ತಿದ್ದುಪಡಿ ಬಂದಾಗ ಇಲ್ಲಿ ಗೇಣಿದಾರರು ಡಿಕ್ಲರೇಶನ್ ಹಾಕಿ ಉಳುವ ಜಮೀನನ್ನು ತಮ್ಮ ಹೆಸರಿಗೆ ಮಾಡಿಕೊಂಡದ್ದನ್ನು ಕಂಡವರು ಅವರು. ಆರ್ಚರ್ಸ್ ಶುರುವಾದ 1951ರಲ್ಲೇ ನಮ್ಮ ಸಾಗರದ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ಭತ್ತ ಅಳೆಯುವ ಕೊಳಗದ ಅಳತೆಯಿಂದ ಶುರುವಾದ ಜಗಳ ಅದು, ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಆಂಬ್ರಿಡ್ಜ್‌ನಲ್ಲಿ ಅಂಥ ಹೋರಾಟ ಇಲ್ಲ. ಎಡ್ಡಿ ಗ್ರಂಡಿ ಸಿಕ್ಕಿದ ಕೆಲಸ ಮಾಡಿಕೊಂಡು ಬದುಕುತ್ತಾನೆ. ಅಂದಿನಿಂದ ಅತ್ತೆಗೆ ಗ್ರಂಡಿ ಮನೆಯ ಸುದ್ದಿಯೇ ಮುಖ್ಯ.

ಈ ನಾಟಕ ಹುಟ್ಟಿದ್ದೇ ಕೃಷಿಗಾಗಿ. ಯುದ್ಧ ಮುಗಿದಿತ್ತು, ರೇಷನ್ ಇನ್ನೂ ಇತ್ತು, ರೈತರು ಜಾಸ್ತಿ ಬೆಳೆಯಬೇಕಿತ್ತು. ಹೊಸ ಪದ್ಧತಿಗಳನ್ನು ಭಾಷಣದ ಬದಲು ಕತೆಯಲ್ಲಿ ಸೇರಿಸಿ ಹೇಳೋಣ ಅಂತ ಗಾಡ್‌ಫ್ರಿ ಬೇಸ್ಲಿ ಇದನ್ನು ಶುರು ಮಾಡಿದರು. ನಮ್ಮ ಭದ್ರಾವತಿ ಆಕಾಶವಾಣಿಯ ಕೃಷಿ ಕಾರ್ಯಕ್ರಮ ಕೇಳಿ ಬೆಳೆದ ನನಗೆ ಇದು ತುಂಬ ಹತ್ತಿರದ್ದು ಅನ್ನಿಸಿತು. ಆ ಗುಣ ಈಗಲೂ ಪೂರ್ತಿ ಹೋಗಿಲ್ಲ. 2001ರಲ್ಲಿ ಬ್ರಿಟನ್ನಿಗೆ ಕಾಲುಬಾಯಿ ಜ್ವರ ಬಂದಾಗ ಮೊದಲೇ ರೆಕಾರ್ಡ್ ಮಾಡಿದ್ದ ಕಂತುಗಳಿಗೆ ಹೊಸ ದೃಶ್ಯ ಸೇರಿಸಿದರು, ಬ್ರೂಕ್‌ಫೀಲ್ಡ್‌ನವರು ರೋಗ ಒಳಗೆ ಬರದಿರಲಿ ಅಂತ ತಮ್ಮನ್ನೇ ಕೂಡಿಹಾಕಿಕೊಂಡರು. ಅಲ್ಲಿ ಆ ವರ್ಷ ರೋಗ ತಡೆಯಲು ಅರವತ್ತು ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಂದರು. ನಮ್ಮ ಕೊಟ್ಟಿಗೆಗೆ ಲಸಿಕೆ ಹಾಕಲು ಬಂದಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಸಾವು, ಅಪಘಾತಕ್ಕೂ ಕೊರತೆ ಇಲ್ಲ. 1955ರ ಸೆಪ್ಟೆಂಬರ್ 22ರಂದು ಕುದುರೆಯನ್ನು ಉಳಿಸಲು ಉರಿಯುವ ಲಾಯಕ್ಕೆ ನುಗ್ಗಿದ ಆರ್ಚರ್ ಮನೆಯ ಸೊಸೆ ಗ್ರೇಸ್ ಸತ್ತಳು. ಬಿಬಿಸಿಗೆ ಪೈಪೋಟಿಯಾಗಿ ಬಂದ ಟಿವಿ ಚಾನೆಲ್ ಐಟಿವಿ ಶುರುವಾದ ರಾತ್ರಿಯೂ ಅದೇ. ಆದರೆ ನನ್ನನ್ನು ಹಿಡಿದಿಟ್ಟದ್ದು ನಿಧಾನವಾಗಿ ಬೆಳೆಯುವ ಕತೆಗಳು. ಹೆಲೆನ್‌ಳ ಗಂಡ ರಾಬ್ ಕಾಳಜಿ ತೋರಿಸುತ್ತಲೇ ಅವಳ ಗೆಳತಿಯರನ್ನು ದೂರ ಮಾಡಿದ, ಕಾರು ಓಡಿಸೋದು ಬಿಡಿಸಿದ, ಅವಳ ಬುದ್ಧಿಯ ಮೇಲೆ ಅವಳಿಗೇ ಅನುಮಾನ ಬರುವ ಹಾಗೆ ಮಾಡಿದ. ಇದು ಎರಡು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. 2016ರ ಏಪ್ರಿಲ್‌ನಲ್ಲಿ ಅವಳು ಅವನಿಗೆ ಚಾಕು ಹಾಕಿದಾಗ ನಾನು ಬಸ್ಸಿನಲ್ಲೇ ಅತ್ತುಬಿಟ್ಟೆ. ಅದಕ್ಕೆ ಕೆಲವೇ ತಿಂಗಳ ಮೊದಲು, 2015ರ ಕೊನೆಗೆ, ಇಂಗ್ಲೆಂಡಿನಲ್ಲಿ ಇಂಥ ಹಿಂಸೆಯನ್ನು ಅಪರಾಧ ಮಾಡುವ ಕಾನೂನು ಜಾರಿಗೆ ಬಂದಿತ್ತು. ಕೇಳುಗರು ಸೇರಿ ನೊಂದ ಹೆಂಗಸರಿಗೆ ಆಸರೆ ಕೊಡುವ ಸಂಸ್ಥೆಗೆ ಒಂದು ಲಕ್ಷ ಪೌಂಡಿಗೂ ಹೆಚ್ಚು ದುಡ್ಡು ಕೂಡಿಸಿದರು. ಕಂತುಗಳನ್ನು ಒಟ್ಟಿಗೆ ಕೇಳಿ ಮುಗಿಸಿದ್ದರೆ ಆ ಉಸಿರುಗಟ್ಟುವುದು ನನಗೆ ಗೊತ್ತಾಗುತ್ತಲೇ ಇರಲಿಲ್ಲ. ಅವಳ ಜೊತೆ ಅಷ್ಟು ದಿನ ಕಾದದ್ದಕ್ಕೇ ಗೊತ್ತಾಯಿತು. ಅದಕ್ಕೇ ಹೇಳೋದು, ದಿನಕ್ಕೊಂದೇ ಕೇಳಿ.

ಕಾಲ ಅಲ್ಲಿ ನಿಜವಾಗಿ ಸಾಗುತ್ತದೆ. ಪೆಗ್ಗಿಯ ಪಾತ್ರಕ್ಕೆ 1950ರ ಪ್ರಯೋಗದ ಕಂತುಗಳಲ್ಲೇ ಧ್ವನಿ ಕೊಟ್ಟ ಜೂನ್ ಸ್ಪೆನ್ಸರ್ 2022ರಲ್ಲಿ, 103ನೇ ವಯಸ್ಸಿನಲ್ಲಿ ನಿವೃತ್ತರಾದರು. ಫಿಲ್ ಆರ್ಚರ್ ಆಗಿದ್ದ ನಾರ್ಮನ್ ಪೇಂಟಿಂಗ್ 1950ರಿಂದ 2009ರಲ್ಲಿ ತೀರಿಕೊಳ್ಳುವವರೆಗೂ ಅದೇ ಪಾತ್ರ ಮಾಡಿದರು. ಪಾತ್ರಕ್ಕೆ ವಯಸ್ಸಾದ ಹಾಗೆ ಧ್ವನಿಗೂ ವಯಸ್ಸಾಗುವುದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಮನೆ ಲೆಕ್ಕದಲ್ಲಿ ಕೇಳುವುದು ಎಷ್ಟು ಉಪಯೋಗ ಅಂತ 2024ರಲ್ಲಿ ಮತ್ತೆ ಗೊತ್ತಾಯಿತು. ಎಡ್ಡಿಯ ಮೊಮ್ಮಗ ಜಾರ್ಜ್, ಕುಡಿದಿದ್ದ ಆಲಿಸ್‌ಳ ಕಾರು ಓಡಿಸಿ ಇನ್ನೊಂದು ಕಾರು ನದಿಗೆ ಬೀಳುವ ಹಾಗೆ ಮಾಡಿದ. ಆಮೇಲೆ ಅವಳನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿದ. ಆಲಿಸ್ ಆಲ್ಡ್ರಿಜ್ ಮನೆಯ ಮಗಳು, ಇವನು ಗ್ರಂಡಿ. ಸತ್ಯ ಹೊರಗೆ ಬಂದ ಮೇಲೆ ಎರಡು ಮನೆ ಮಾತ್ರ ಅಲ್ಲ, ಇಡೀ ಊರು ಒಡೆಯಿತು. ಅತ್ತೆ ಜಾರ್ಜ್‌ಗೆ ಶಿಕ್ಷೆ ಆಗಲೇಬೇಕು ಅಂದರು. ಆದರೆ ಅವನು ಜೈಲಿಗೆ ಹೋದ ಮೇಲೆ ದಿನಾ ಕೇಳುತ್ತಿದ್ದದ್ದು ಅವನ ಅಜ್ಜಿ ಕ್ಲ್ಯಾರಿಯ ಬಗ್ಗೆ.

ಇನ್ನೊಂದು ವಿಷಯ. ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಮರುಪ್ರಸಾರ ನಮಗೆ ಸಂಜೆ 6.30ಕ್ಕೆ ಬೀಳುತ್ತದೆ. ಅದು ಹಾಲು ಕರೆಯುವ ಹೊತ್ತು. ಮಳೆಗಾಲದಲ್ಲಿ ಕರೆಂಟೂ ಇರಲ್ಲ, ನೆಟ್ಟೂ ಇರಲ್ಲ. ಆಗ ವಾರದ ಎಲ್ಲ ಕಂತುಗಳನ್ನು ಸೇರಿಸಿ ಭಾನುವಾರ ಹಾಕುವುದನ್ನು ಮಧ್ಯಾಹ್ನ ಊಟ ಆದ ಮೇಲೆ ಕೇಳುತ್ತೇವೆ. ಅಕ್ಟೋಬರ್ ಕೊನೆಗೆ ಗಡಿಯಾರ ಹಿಂದಕ್ಕೆ ಬರುತ್ತದೆ, ಅಡಿಕೆ ಕೊಯ್ಲೂ ಶುರುವಾಗಿರುತ್ತದೆ, ಮತ್ತೆ ದಿನಕ್ಕೊಂದು.